ಸನ್ಮಾನಪತ್ರದ ಮೂರನೆಯ ಸಾಲು

ಸ್ಪೇನಿನ ಒಂದು ಇತಿಹಾಸ ಸಂಘ ನೂರೈವತ್ತು ವರ್ಷ ಯೋಚಿಸಿ, ಕೊನೆಗೂ ಒಬ್ಬ ಮಹಿಳೆಯನ್ನು ಸನ್ಮಾನಿಸಲು ಒಪ್ಪಿತು. ಹದಿನೇಳು ಗ್ರಂಥ ಬರೆದ ಇತಿಹಾಸಕಾರ್ತಿ ಎಲ್ವಿರಾಗೆ ಆಗ ಎಂಬತ್ತು. ಸಮಾರಂಭಕ್ಕೆ ಮುನ್ನ ಸಂಘದ ಅಧ್ಯಕ್ಷರು ಸನ್ಮಾನಪತ್ರದ ಕರಡನ್ನು ಅವರ ಕೈಗಿತ್ತರು. ಎಲ್ವಿರಾ ಅಭ್ಯಾಸಬಲದಿಂದ ಪೆನ್ಸಿಲ್ ಹಿಡಿದೇ ಓದಿದರು. ಮೂರನೆಯ ಸಾಲಿನಲ್ಲಿ ಪೆನ್ಸಿಲ್ ನಿಂತಿತು.

“‘ಪತಿಯ ಮಾರ್ಗದರ್ಶನದಲ್ಲಿ ಬರೆದ ಹದಿನೇಳು ಗ್ರಂಥಗಳು’ ಅಂತಿದೆ. ಇದಕ್ಕೆ ಆಧಾರ ಏನು?”

“ಆಧಾರ ಯಾಕೆ ಮೇಡಂ? ಎಲ್ಲರಿಗೂ ಗೊತ್ತಿರೋ ವಿಷಯ.”

“ನಾನು ಮದುವೇನೇ ಆಗಿಲ್ಲ.”

ಅಧ್ಯಕ್ಷರು ಬೆವರಿದರು. ಇತಿಹಾಸದಲ್ಲಿ ತಪ್ಪು ನುಸುಳಿದರೆ ಸಹಿಸುವವರಲ್ಲ ಅವರು. ಕೂಡಲೇ ಪೆನ್ಸಿಲ್ ಇಸಿದುಕೊಂಡು ‘ಪತಿಯ’ ಎಂಬುದನ್ನು ಹೊಡೆದುಹಾಕಿ, ವಿನಯದಿಂದ ಕೇಳಿದರು:

“ಕ್ಷಮಿಸಿ ಮೇಡಂ. ನಿಮ್ಮ ತಂದೆಯವರ ಹೆಸರು ಹೇಳ್ತೀರಾ?”