ಉತ್ತರಕ್ಕೆ ತಲೆ

ಕಬ್ಬಿಣದ ಗುಳಿಗೆ ನುಂಗಿದವರು ನಿದ್ದೆಯಲ್ಲಿ ತಾವಾಗಿಯೇ ಹೊರಳಿ ಉತ್ತರಕ್ಕೆ ತಲೆ ಮಾಡುತ್ತಾರೆ. ಸೋಮವಾರ ಶಾಲೆಯಲ್ಲಿ ಗುಳಿಗೆ ಕೊಟ್ಟು ಕಳಿಸಿದರೆ, ಮಂಗಳವಾರ ಬೆಳಗ್ಗೆ ಊರಿನ ಹುಡುಗಿಯರೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತಾರೆ. ದ್ಯಾಮವ್ವನೊಬ್ಬಳನ್ನು ಬಿಟ್ಟರೆ ಈಗ ಯಾರೂ ಅದನ್ನು ವಿಶೇಷವೆಂದು ನೋಡುವುದಿಲ್ಲ.

"ಹಿರ್ಯಾರು ಮಲಗಬಾರದು ಅಂದ ದಿಕ್ಕಿಗೇ ಹೊಳ್ಳಸ್ತಾವ. ಇಂಥಾವು ಪುಕ್ಕಟ ಯಾಕ ಕೊಡ್ತಾರ? ನಾಳೆ ಮಕ್ಕಳಾಗದಂಗ ಮಾಡಿದ್ರ?" ಎನ್ನುತ್ತ ಅವಳು ಮಗಳು ಹುಲಿಗೆಮ್ಮ ತಂದ ಗುಳಿಗೆಯನ್ನು ಪ್ರತಿ ವಾರ ಕಸಿದುಕೊಳ್ಳುತ್ತಿದ್ದಳು. ಗಟಾರಕ್ಕೆ ಎಸೆದೆ ಎಂದು ಹೇಳುತ್ತಿದ್ದಳು.

ಹುಲಿಗೆಮ್ಮನಿಗೂ ಅವ್ವನ ಮೇಲೆ ಅನುಮಾನ ಬಂದಿತ್ತು. ಈಚೆಗೆ ಅವ್ವ ಎರಡು ಕೊಡ ಹೊತ್ತರೂ ಏದುಸಿರು ಬಿಡುತ್ತಿರಲಿಲ್ಲ. ತಲೆ ಸುತ್ತಿ ನಲ್ಲಿಕಟ್ಟೆ ಹಿಡಿದು ಕೂರುತ್ತಿದ್ದವಳು ಮಗಳೇ.

ಈ ಮಂಗಳವಾರ ಅವಳು ಅವ್ವನಿಗಿಂತ ಮೊದಲು ಎದ್ದಳು. ಅವ್ವ ಚಾಪೆ ಬಿಟ್ಟು ನೆಲಕ್ಕೆ ಹೊರಳಿ, ಉತ್ತರಕ್ಕೆ ತಲೆ ಮಾಡಿ ಗಾಢ ನಿದ್ದೆಯಲ್ಲಿದ್ದಳು.

"ಯವ್ವಾ, ನನ್ನ ಗುಳಿಗಿ ನೀನ ನುಂಗಾಕತ್ತಿಯೇನು?"

ದ್ಯಾಮವ್ವ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. "ವಿಷ ಇದ್ರ ಮೊದಲ ನನಗ ಏರ್ಲಿ ಅಂತ."

"ಏನರ ಆತೇನು?"

"ಇನ್ನೂ ಏನೂ ಆಗಿಲ್ಲ." ಅವಳು ಮಗಳ ಕೆಳರೆಪ್ಪೆ ಎಳೆದು, ಬಿಳಿಚಿದ ಒಳಭಾಗವನ್ನು ಬಹಳ ಹೊತ್ತು ನೋಡಿದಳು. "ಮುಂದಿನ ಸೋಮವಾರ ನೀ ನುಂಗು. ನಾ ಮಲಗೂದಿಲ್ಲ, ನಿನ್ನ ನೋಡ್ಕೋತ ಕೂಡ್ತೀನಿ."