ಗಡಿಕಲ್ಲಿನ ತನಕ

ಮೂರನೇ ಟ್ರ್ಯಾಕ್ಟರೂ ಶಂಕ್ರಪ್ಪಂದೇ.

ತಿಳವಳ್ಳಿಯ ಸಮುದಾಯ ಭವನದ ಗೇಟಿನಲ್ಲಿ ನಿಂತು ಪ್ರಶಾಂತ ಒಬ್ಬೊಬ್ಬರನ್ನೇ ಎಣಿಸಿದ. ಇಳಿದವರೆಲ್ಲ ಕೆರೆದಂಡೆಯ ಮಂದಿ. ಎಲ್ಲರ ಕೈಯಲ್ಲೂ ಪಕ್ಷದ ಹೊಚ್ಚಹೊಸ ಸದಸ್ಯತ್ವ ಕಾರ್ಡು. ಒಂದು ತಿಂಗಳ ಹಿಂದೆ ಇವರಲ್ಲಿ ಒಬ್ಬರೂ ಪಕ್ಷದವರಲ್ಲ.

"ಅಕ್ಕಾ, ನಿನ್ನ ಸೋಲಸಾಕ ಬಂದಾರ," ಅಂದ.

ಸಾವಂತ್ರವ್ವ ಸೆರಗು ಸರಿಮಾಡಿಕೊಂಡಳು, ಅಷ್ಟೇ. ಪಂಚಾಯ್ತಿ ಅಧ್ಯಕ್ಷೆಯಾಗಿ ಮೂರು ವರ್ಷ. ಇಂಥವು ಬಹಳ ನೋಡಿದ್ದಳು.

ಈ ಸಲ ಪಕ್ಷ ಹಾನಗಲ್ಲಿನ ಅಭ್ಯರ್ಥಿಯನ್ನ ಮೇಲಿನಿಂದ ಇಳಿಸಿರಲಿಲ್ಲ. ಸದಸ್ಯರೇ ಓಟು ಹಾಕಿ ಆರಿಸಬೇಕು. ಗೆದ್ದವರಿಗೆ ವಿಧಾನಸಭೆಯ ಟಿಕೆಟ್ಟು. ಬೇರೆ ಕುರ್ಚಿ ಇದ್ದರೆ ಅವತ್ತೇ ಬಿಡಬೇಕು. ಉಳಿದ ಊರುಗಳಲ್ಲಿ ಓಟು ಮುಗಿದಿತ್ತು. ಆಡೂರಿನ ಮೈಲಾರಲಿಂಗ ಸಾವಂತ್ರವ್ವನಿಗಿಂತ ನೂರೆಂಬತ್ತು ಓಟು ಮುಂದಿದ್ದ. ಇನ್ನು ತಿಳವಳ್ಳಿ ಒಂದೇ ಬಾಕಿ.

ಅವಳಿಗೆ ಟಿಕೆಟ್ಟು ಬೇಕಿದ್ದದ್ದು ಕೆರೆಗಾಗಿ. ಅರ್ಧ ಕೆರೆ ಗೋವಿನಜೋಳದ ಹೊಲವಾಗಿತ್ತು. ಒತ್ತುವರಿ ಅಳೆಯೋದಕ್ಕೆ ಸರ್ವೇಯರು ಸೋಮವಾರ ಬರುವವರಿದ್ದರು, ಅವಳೇ ಪಟ್ಟು ಹಿಡಿದು ಕರೆಸಿದ್ದು. ಆದರೆ ಕಾಲುವೆ ತೋಡಿ ನೀರು ತರೋದು ಪಂಚಾಯ್ತಿಯ ಕೈಲಾಗದ ಮಾತು. ಅದಕ್ಕೆ ಶಾಸಕಿಯೇ ಆಗಬೇಕು.

ಎಲ್ಲಕ್ಕಿಂತ ದೊಡ್ಡ ಒತ್ತುವರಿ ಪಂಚಾಯ್ತಿ ಉಪಾಧ್ಯಕ್ಷ ಶಂಕ್ರಪ್ಪನದು. ಅದರ ಪಕ್ಕದ್ದು ಹಾಲವ್ವನದು. ಅಳತೆಯ ಸುದ್ದಿ ಕೇಳಿ ಹೋದ ತಿಂಗಳು ಪಂಚಾಯ್ತಿ ಬಾಗಿಲಿಗೆ ಬೀಗ ಜಡಿದ ಮುದುಕಿ.

ಆ ಹಾಲವ್ವ ಈಗ ಸಾಲಿನಲ್ಲಿದ್ದಳು. ಚೀಲದಲ್ಲಿ ತೆಂಗಿನಕಾಯಿ, ಅಕ್ಕಿ, ಹಸಿರು ಕುಬಸದ ಬಟ್ಟೆ.

"ಇದೇನಬೇ?" ಪ್ರಶಾಂತ ಕೇಳಿದ.

"ನಿಮ್ಮಕ್ಕನ ಉಡಿ ತುಂಬಾಕ."

"ಸೋತ ಮ್ಯಾಲ ಚಾಷ್ಟಿ ಮಾಡಾಕೇನು?"

"ಸೋಲಾಕ ಬಿಡ್ತೇವೇನೋ ತಮ್ಮಾ ನಾವು?"

ಹಿಂದಿನವರು ಕಿಸಕ್ಕಂತ ನಕ್ಕರು. ಪ್ರಶಾಂತ ಹಲ್ಲು ಕಡಿದ.

ಸಂಜೆ ಪೆಟ್ಟಿಗೆ ತೆರೆದರು. ತಿಳವಳ್ಳಿಯಲ್ಲಿ ಮೈಲಾರಲಿಂಗನಿಗೆ ಬಿದ್ದದ್ದು ಹನ್ನೊಂದೇ ಓಟು. ಉಳಿದದ್ದೆಲ್ಲ ಸಾವಂತ್ರವ್ವನಿಗೆ. ಟಿಕೆಟ್ಟು ಅವಳದೇ.

ಹೊರಗೆ ಹಲಗಿಯ ಬಡಿತ ಶುರುವಾಯಿತು. ಕೆರೆದಂಡೆಯ ಹೆಂಗಸರು ಸಾಲಾಗಿ ಬಂದು ಅವಳ ಉಡಿ ತುಂಬಿದರು. ಅವಳಿಗೆ ಕಣ್ಣು ತುಂಬಿ ಬಂತು. ಚಿಕ್ಕಂದಿನಲ್ಲಿ ಊರಿಗೆ ಜ್ವರದ ಬ್ಯಾನಿ ಬಂದಾಗ ಹಿಂಗೇ ಹಲಗಿ ಬಾರಿಸಿದ್ದರು. ಬ್ಯಾನಿ ತಂದ ದೇವಿಯ ಉಡಿ ತುಂಬಿ, ಹೊತ್ತುಕೊಂಡು ಹೋಗಿ ಗಡಿ ದಾಟಿಸಿದ್ದರು. "ಹಿಂದ ನೋಡಬ್ಯಾಡ, ನೋಡಿದ್ರ ವಾಪಸ್ ಬರ್ತಾಳ," ಅಂತ ಅವ್ವ ಅವಳ ಕಣ್ಣು ಮುಚ್ಚಿದ್ದಳು. ದೇವಿಗೆ ಮಾಡಿದ ಮರ್ಯಾದೆ ಈಗ ತನಗೆ.

ಪ್ರಶಾಂತ ನಾಚಿಕೊಂಡು ಶಂಕ್ರಪ್ಪನ ಹತ್ತಿರ ಹೋದ. "ನಿಮ್ಮನ್ನ ತಪ್ಪು ತಿಳಕೊಂಡಿದ್ನಿರಿ ಕಾಕಾ."

"ಇರ್ಲಿ ಬಿಡೋ. ನಮ್ಮೂರಾಗ ಇಟಗೊಂಡು ಕುಂಡ್ರೂವಂಥ ಹೆಣಮಗಳಲ್ಲ ನಿಮ್ಮಕ್ಕ. ದೊಡ್ಡ ಜಾಗಾಕ್ಕ ಹೋಗಬೇಕು."

ಸಾವಂತ್ರವ್ವ ಅಲ್ಲೇ ಅಧ್ಯಕ್ಷಗಿರಿಗೆ ರಾಜೀನಾಮೆ ಬರೆದು ಸಹಿ ಹಾಕಿದಳು. ಶಂಕ್ರಪ್ಪ ಎರಡೂ ಕೈ ಚಾಚಿ ಇಸಕೊಂಡ. "ನಾನ ಮುಟ್ಟಸ್ತೇನ್ರಿ," ಅಂದ. ಅವಳಿಗೆ ಚಿಂತೆ ಅನಿಸಲಿಲ್ಲ. ಇಷ್ಟು ಓಟು ಹಾಕಿದವರು ಕೆರೆಯನ್ನೂ ಬಿಟ್ಟುಕೊಡ್ತಾರೆ ಅಂದುಕೊಂಡಳು.

ಹಾನಗಲ್ಲಿನ ಪಕ್ಷದ ಕಚೇರಿಗೆ ಹೋಗೋ ಜೀಪು ಊರಾಚೆ ಕಾಯುತ್ತಿತ್ತು. ಅಲ್ಲಿತನಕ ಮೆರವಣಿಗೆ. ಕೆರೆ ದಾಟಿತು. ಗಡಿಕಲ್ಲು ಬಂತು. ಉಡಿ ಹಿಡಿದುಕೊಂಡೇ ಅವಳು ಕಲ್ಲು ದಾಟಿ ಜೀಪಿನ ಹತ್ತಿರ ನಿಂತಳು.

ಹಲಗಿ ನಿಂತಿತು.

"ಮೇ ತಿಂಗಳ ದೊಡ್ಡ ಓಟಿಗೂ ಹಿಂಗ ಬರ್ರಿ ಮತ್ತ," ಅಂದಳು.

ಕಲ್ಲಿನ ಈಚೆ ಯಾರೂ ಕಾಲಿಡಲಿಲ್ಲ. ಶಂಕ್ರಪ್ಪ ಫೋನಿನಲ್ಲಿದ್ದ.

"ಹಾಂ, ಸರ್ವೇಯರ ಸಾಹೇಬ್ರ? ಅಧ್ಯಕ್ಷರು ಬಿಟ್ರರಿ. ಇನ್ನ ಪಂಚಾಯ್ತಿ ನನ್ನ ಕಡೆ. ಸೋಮವಾರ ಬರೂದ ಬ್ಯಾಡ್ರಿ."

"ಹಾಲವ್ವಾ," ಅಂದಳು ಸಾವಂತ್ರವ್ವ.

ಹಾಲವ್ವ ಆಗಲೇ ಬೆನ್ನು ತಿರುಗಿಸಿದ್ದಳು. ಅವಳ ಹಿಂದೆ ಉಳಿದವರೂ ಊರ ಕಡೆ ನಡೆದರು.

ಒಬ್ಬರೂ ಹಿಂತಿರುಗಿ ನೋಡಲಿಲ್ಲ.