ಬಿಚ್ಚಿಟ್ಟ ಕ್ರೇನು

ಸ್ಪ್ಯಾನರು ಹಿಡಿದು ಕಳ್ಳಹೆಜ್ಜೆಯಲ್ಲಿ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. ನಿವೃತ್ತ ಫಿಟ್ಟರಾದ ಗಂಡ ಬೆಳಗಿನಿಂದ ಕೂತು ಕಟ್ಟಿದ್ದ ಆಟಿಕೆ ಕ್ರೇನು ಮೇಜಿನ ಮೇಲಿರಲಿಲ್ಲ. ಅದರ ತಗಡಿನ ಪಟ್ಟಿಗಳೆಲ್ಲ ಬಿಚ್ಚಿಕೊಂಡು, ಉದ್ದದ ಪ್ರಕಾರ ಪೆಟ್ಟಿಗೆಯಲ್ಲಿ ಮಲಗಿದ್ದವು. ಮನೆಯಲ್ಲಿ ಮೂರನೆಯವರಿಲ್ಲ.

ಬಿಚ್ಚುವುದು ಆಕೆಯ ಕೆಲಸ. ಕಪಾಟು ತುಂಬ ಇಂಥ ಪೆಟ್ಟಿಗೆ ಕೂಡಿಹಾಕಿದ್ದ ಮನುಷ್ಯ; ಮರೆವಿನ ಕಾಯಿಲೆ ಮಿಕ್ಕೆಲ್ಲವನ್ನೂ ನುಂಗಿ ನೀರು ಕುಡಿದು, ಈ ಕ್ರೇನು ಕಟ್ಟುವುದೊಂದನ್ನು ಉಳಿಸಿತ್ತು. ಮುಗಿದ ಕ್ರೇನು ಕಣ್ಣೆದುರಿದ್ದರೆ ಅವರು ದಿನವಿಡೀ ಗೋಡೆ ನೋಡುತ್ತ ಕೂರುವರು. ಅದಕ್ಕೇ ಸಂಜೆ ಅವರ ಕಣ್ಣಿಗೆ ಜೊಂಪು ಹತ್ತಿದಾಗ ಆಕೆ ಬಿಚ್ಚುವಳು. ಬೆಳಿಗ್ಗೆ, “ರೀ, ಹೊಸ ಪೆಟ್ಟಿಗೆ ಬಂದಿದೆ” ಎನ್ನುವಳು. ಅವರ ಮುಖ ಅರಳುವುದು.

ಆಕೆ ಒಂದು ಬೋಲ್ಟು ಎತ್ತಿಕೊಂಡಳು. ಕಳೆದುಹೋಗದಂತೆ ನಟ್ಟನ್ನು ಅದಕ್ಕೇ ಒಂದು ಸುತ್ತು ತಿರುಗಿಸಿ ಕೂರಿಸಿತ್ತು. ಎಲ್ಲ ಬೋಲ್ಟುಗಳೂ ಹಾಗೇ.

“ನೀನು ನಟ್ಟೇ ಬೇರೆ ಬೋಲ್ಟೇ ಬೇರೆ ಸುರೀತೀಯ ಕಣೆ,” ಹಾಸಿಗೆಯಿಂದ ಫಿಟ್ಟರು ಗೊಣಗಿದರು. “ಬೆಳಿಗ್ಗೆ ಹುಡುಕಿ ಹುಡುಕಿ ಸಾಕಾಗುತ್ತೆ. ಇವತ್ತು ನಾನೇ ಬಿಚ್ಚಿಟ್ಟೆ.”

ಅವರು ಗೋಡೆಯ ಕಡೆ ಹೊರಳಿಕೊಂಡರು.

“ನಾಳೆ ಹೊಸ ಪೆಟ್ಟಿಗೆ ಬಂತು ಅಂತ ಹೇಳೋದು ಮರೀಬೇಡ.”